ಅವ್ವನ ತೊಗಲ ಹೊದಿಕೆ

"ಎದ್ದು ನಿಲ್ಲೇ, ಹಾದರಕ್ಕೆ ಹುಟ್ಟಿದವಳೇ! ದೊರೆ ಮಾತಾಡ್ತಾ ಇದ್ರೆ ಮಣ್ಣು ಕೆದಕ್ತಾ ಕೂತಿದೀಯ?"

ಲೆಟ್ಟಿ ಸಲಿಕೆ ಊರಿ ಎದ್ದಳು. ಮ್ಯಾನೇಜರ್ ಟ್ವೀಡಲ್ಲನ ಬೂಟು ಅವಳು ಆಗಷ್ಟೇ ಬಿಡಿಸಿದ್ದ ಹಾಪ್ ಬೇರಿನ ಮೇಲಿತ್ತು. ಬಿಯರಿಗೆ ಕಹಿ ಕೊಡುವ ಆ ಬಳ್ಳಿಯನ್ನು ನೆಟ್ಟವರೂ ಲೆಟ್ಟಿಯ ಮಂದಿಯೇ, ಕೊಯ್ಯುವವರೂ ಅವರೇ. ಮಾರಿ ಬಂದ ದುಡ್ಡಿನ ಮುಖವನ್ನು ಮಾತ್ರ ಈ ನೆಲದ ಮೂಲನಿವಾಸಿಗಳನ್ನು ಸರ್ಕಾರ ಕೂಡಿಹಾಕಿದ್ದ ಬೀಡಿನ ಒಬ್ಬ ಕರಿಯನೂ ಕಂಡಿರಲಿಲ್ಲ.

"ಶನಿವಾರದೊಳಗೆ ಇಡೀ ಹೊಲ ಅಗೆದು ಮಗುಚಿರಬೇಕು. ಒಂದು ಗೇಣೂ ಬಿಡಂಗಿಲ್ಲ. ಆಮೇಲೆ ನಿಮ್ಮವ್ವನ ಆ ತೊಗಲ ಹೊದಿಕೆ. ವಸಾಹತಿಗೆ ನೂರು ವರ್ಷ ಆಯ್ತು ಅಂತ ಮೆಲ್ಬರ್ನಲ್ಲಿ ವಸ್ತುಪ್ರದರ್ಶನ. ಮೇಣದ ಬೊಂಬೆಗೆ ಹೊದಿಸಿ ಗಾಜಿನ ಪೆಟ್ಟಿಗೇಲಿ ನಿಲ್ಲಿಸ್ತಾರೆ."

"ಅವ್ವ ಇನ್ನೂ ಅದನ್ನ ಹೊದ್ದಿದಾಳೆ, ದೊರೆ."

"ಅದಕ್ಕೇ ಹೊಸ ಕಂಬಳಿ ತಂದಿದೀನಿ. ರಾಣಿಯಮ್ಮನ ಕಿರೀಟದ ಮುದ್ರೆ ಇದೆ ನೋಡು. ಕೊಡದಿದ್ರೆ ಕಾನೂನು ಗೊತ್ತಲ್ಲ? ನಿನ್ನಪ್ಪ ಯಾವನೋ ಕುರಿ ಕಾಯೋ ಬಿಳಿಯ. ಬೆರಕೆಯವರಿಗೆ ಇಲ್ಲಿ ಜಾಗ ಇಲ್ಲ. ಗೇಟಿನಾಚೆ ದಬ್ತೀನಿ, ಮುದುಕಿ ಒಬ್ಳೇ ಸಾಯ್ಲಿ."

ಕಂಬಳಿಯನ್ನು ಅವಳ ಕಾಲ ಬಳಿ ಎಸೆದು ಹೋದ.

ಗುಡಿಸಲಲ್ಲಿ ಅವ್ವ ಪಾಸಮ್ ಎಂಬ ಕಾಡುಪ್ರಾಣಿಯ ತೊಗಲಿನೊಳಗೆ ಮುದುಡಿ ಕೆಮ್ಮುತ್ತಿದ್ದಳು. ಅವಳು ಹುಟ್ಟಿದಾಗ ಅವಳಪ್ಪ ಮರ ಹತ್ತಿ ಹಿಡಿದ ಪಾಸಮ್‌ಗಳ ತೊಗಲಿನಿಂದ ಶುರುವಾದ ಹೊದಿಕೆ ಅದು. ಅವಳು ಬೆಳೆದಂತೆ ಅದಕ್ಕೆ ತೊಗಲು ಸೇರುತ್ತ ಹೋಯಿತು. ಒಳಮೈಯಲ್ಲಿ ಅವಳ ಹೊಳೆ, ಅವಳ ಕುಲದ ಗೆರೆಗಳನ್ನೆಲ್ಲ ಚಿಪ್ಪಿನಿಂದ ಕೊರೆದಿದ್ದರು. ಸತ್ತಾಗ ಅದರಲ್ಲೇ ಸುತ್ತಿ ಮಣ್ಣಿಗಿಡಬೇಕು. ಸರ್ಕಾರದ ಕಂಬಳಿಯೋ ಮಳೆ ನೀರನ್ನೆಲ್ಲ ಕುಡಿದು ಎದೆಗೆ ಶೀತ ಹಿಡಿಸುತ್ತಿತ್ತು. ಅದನ್ನು ಹೊದ್ದವರಲ್ಲಿ ಎಷ್ಟೋ ಮಂದಿ ಆಗಲೇ ಚರ್ಚಿನ ಹಿಂದೆ ಮಲಗಿದ್ದರು.

"ಕೊಟ್ಬಿಡೇ ಮಗಾ. ನೀನು ಇಲ್ಲಿದ್ರೆ ಸಾಕು. ಹೆಣಕ್ಕೆಂಥಾ ಚಳಿ?"

"ಸುಮ್ನಿರವ್ವ. ಬೊಂಬೆಗೆ ಹೊದಿಸ್ತಾನಂತೆ ಬೊಂಬೆಗೆ! ಅವನವ್ವನ ಲಂಗ ಬಿಚ್ಚಿ ಹೊದಿಸ್ಲಿ ನನ್ಮಗ."

ಅವ್ವ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅವಳಿರಲಿಲ್ಲ. ಸತ್ತವರ ಹೆಸರು ಹಿಡಿಯಬಾರದೆಂದು ಯಾರೂ ಅವಳ ಹೆಸರೆತ್ತಲಿಲ್ಲ. ಎಲ್ಲರೂ ಸಲಿಕೆ ಎತ್ತಿಕೊಂಡು ಹೊಲಕ್ಕಿಳಿದರು. ಎಲ್ಲರಿಗಿಂತ ಆಳಕ್ಕೆ ಅಗೆದವಳು ಲೆಟ್ಟಿಯೇ.

ಶನಿವಾರ ಲೆಟ್ಟಿ ತಂದುಕೊಟ್ಟ ಗಂಟನ್ನು ಟ್ವೀಡಲ್ ಬಿಚ್ಚಿದ. ಒಳಗೆ ಕಿರೀಟದ ಮುದ್ರೆಯ ಕಂಬಳಿ.

"ಎಲ್ಲೇ ಹೊದಿಕೆ?"

"ಹೊದ್ಕೊಂಡು ಹೋದ್ಳು," ಅಂದಳು ಲೆಟ್ಟಿ. "ಪೆಟ್ಟಿಗೇಲಿ ಇದನ್ನಿಡಿ. ನಾವೀಗ ಹೊದಿಯೋದು ಇದೇ, ಹೊದ್ದು ಸಾಯೋದೂ ಇದನ್ನೇ."

ಅವನು ಚರ್ಚಿನ ಹಿಂದಕ್ಕೆ ಓಡಿದ. ಅಲ್ಲಿ ಹೊಸ ಗುಂಡಿ ಇರಲಿಲ್ಲ. ಏದುಸಿರು ಬಿಡುತ್ತ ವಾಪಸು ಬಂದ.

"ಎಲ್ಲಿ ಹೂತ್ರಿ? ಬೊಗಳ್ರೋ!"

ಅವ್ವನ ತಮ್ಮ ಟೋಬಿ ನಿಧಾನವಾಗಿ ಟೊಪ್ಪಿಗೆ ತೆಗೆದ. "ಹೊಲದಲ್ಲಿ, ದೊರೆ."

"ಹೊಲದಲ್ಲಿ ಎಲ್ಲೋ, ಸೂಳೆಮಗನೇ?"

"ಹೆಂಗೆ ಹೇಳೋದು, ದೊರೆ? ನೆಲವೆಲ್ಲಾ ಒಂದೇ ಥರ ಅಗೆದೀವಿ. ಒಂದು ಗೇಣೂ ಬಿಡಬ್ಯಾಡಿ ಅಂದಿದ್ರಲ್ಲ ನೀವೇ."

ಹಸಿಮಣ್ಣು ಬೇಲಿಯಿಂದ ಬೇಲಿಯವರೆಗೂ ಕಪ್ಪಗೆ ಬಿದ್ದಿತ್ತು. "ಅಗೀರಿ!" ಎಂದು ಟ್ವೀಡಲ್ ಕಿರುಚಿದ. ಯಾರೂ ಬಗ್ಗಲಿಲ್ಲ. ಟೋಬಿ ತನ್ನ ಸಲಿಕೆಯನ್ನು ಅವನ ಕೈಗೇ ಕೊಟ್ಟ. ಅವನು ಹಲ್ಲು ಕಚ್ಚಿ ಅಗೆದ. ಮೊದಲ ಏಟಿಗೇ ಒಂದು ಹಾಪ್ ಬೇರು ತುಂಡಾಯಿತು, ಆಮೇಲೆ ಇನ್ನೊಂದು. ಹೆಂಗಸರ ನಡುವೆ ಯಾರೋ ಕಿಸಕ್ಕನೆ ನಕ್ಕರು.

ದಬ್ಬಿಸಿಕೊಳ್ಳಲು ಲೆಟ್ಟಿ ಕಾಯಲಿಲ್ಲ. ತಾನೇ ಹೋಗಿ ಗೇಟಿನ ಅಗುಳಿ ತೆಗೆದಳು. ಮಳೆ ಹನಿಯತೊಡಗಿತ್ತು, ಕಂಬಳಿ ನೆಲದಲ್ಲೇ ಬಿದ್ದಿತ್ತು. ಹಿಂದಿನಿಂದ ಸಲಿಕೆಯ ಸದ್ದು ಕೇಳುತ್ತಲೇ ಇತ್ತು. ಒಂದೇ ಸಲಿಕೆ, ದೊರೆಯದು.