ಲಾರಿ ನಿಲ್ಲದ ಮನೆ

ಲಾರಿಯ ಎರಡೂ ಬದಿಗೆ ಬೀಚ್ ಮರದ ಹಸಿರು ಕೊಂಬೆಗಳನ್ನು ಕಟ್ಟಿದ್ದರು. ಹಿಂದೆ ಇಳಿಬಿಟ್ಟ ಹಳೆಯ ಹಾಸಿಗೆ ಬಟ್ಟೆಯ ಮೇಲೆ ಮಾಲ್ತೆ ದಪ್ಪಕ್ಷರದಲ್ಲಿ ಬರೆದಿದ್ದ: ‘ನೀವು ಹಾರ್ನ್ ಹೊಡೆದರೆ ನಾವು ಒಂದು ಗುಟುಕು ಕುಡಿಯುತ್ತೇವೆ.’ ಡೆನ್ಮಾರ್ಕಿನ ಈ ಮೋರ್ಸ್ ದ್ವೀಪದವರು ಬೇರೆಲ್ಲದರಲ್ಲಿ ಕೈ ಬಿಗಿ ಹಿಡಿದರೂ ಹಾರ್ನಿನ ವಿಷಯದಲ್ಲಿ ಧಾರಾಳಿಗಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅರ್ಧ ತರಗತಿಯ ನಾಲಿಗೆ ತೊದಲುತ್ತಿತ್ತು.

ಹೈಸ್ಕೂಲಿನ ಕೊನೆಯ ಪರೀಕ್ಷೆ ಮುಗಿಸಿದವರ ತಲೆಗೆ ಬಿಳಿ ಟೋಪಿ ಏರುತ್ತದೆ. ಆಮೇಲೆ ಇಡೀ ತರಗತಿ ಒಂದೇ ಲಾರಿ ಹತ್ತಿ ಪ್ರತಿಯೊಬ್ಬರ ಮನೆಗೂ ಹೋಗುತ್ತದೆ. ಹೋದ ಕಡೆಯಲ್ಲೆಲ್ಲ ಅಪ್ಪ ಅಮ್ಮ ಅಂಗಳದಲ್ಲಿ ಮೇಜು ಹಾಕಿ ಕಾಯುತ್ತಿರುತ್ತಾರೆ. ತಿನ್ನಬೇಕು, ಕುಣಿಯಬೇಕು, ಆ ಮನೆಯ ಮಗುವಿಗೆ ಜೈಕಾರ ಹಾಕಬೇಕು, ಮತ್ತೆ ಹತ್ತಬೇಕು. ಯಾವ ಮನೆ ಆದ ಮೇಲೆ ಯಾವ ಮನೆ ಎಂದು ಹೊಂದಿಸಿದವಳು ಲೀವಾ. ತರಗತಿಯಲ್ಲಿ ಯಾವ ಕೆಲಸವಿದ್ದರೂ ಅವಳ ತಲೆಗೇ ಕಟ್ಟುವುದು ರೂಢಿ.

ಲೀವಾ ಒಂದು ಮನೆಯನ್ನು ಬಿಟ್ಟಿದ್ದಳು. ಅದು ಎಸ್ಕಿಲ್‌ನ ಮನೆ.

ಎಸ್ಕಿಲ್ ಮಾರ್ಚಿನಲ್ಲಿ ತೀರಿಕೊಂಡಿದ್ದ. ರಕ್ತದ ಕ್ಯಾನ್ಸರ್. ಜನವರಿಯಲ್ಲಿ ಟೋಪಿಯವರು ತಲೆಯ ಅಳತೆ ತೆಗೆದುಕೊಳ್ಳಲು ಶಾಲೆಗೆ ಬಂದಾಗ ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. "ಒಂದಳತೆ ದೊಡ್ಡದು ಬರ್ಕೊಳ್ಳಿ, ಜೂನ್ ಹೊತ್ತಿಗೆ ಕೂದಲು ಬಂದಿರತ್ತೆ" ಎಂದು ಹೇಳಿ, ಹಿಂದೆ ನಿಂತಿದ್ದ ಲೀವಾಳ ಕಡೆ ತಿರುಗಿ ಕಣ್ಣು ಹೊಡೆದಿದ್ದ. ಲಾರಿಯಲ್ಲಿ ಮುಂದಿನ ಎಡ ಮೂಲೆ ತನ್ನದು ಎಂದೂ ಆವತ್ತೇ ಸಾರಿದ್ದ. ಪಕ್ಕದ ಜಾಗ ಲೀವಾಳದು. ಮೊದಲ ವರ್ಷ ಇಬ್ಬರೂ ಹೆದರಿಕೊಂಡು ಒಂದೇ ಬೆಂಚಿಗೆ ಅಂಟಿ ಕೂತವರು. ಆಮೇಲೆ ಹೆದರಿಕೆ ಹೋಯಿತು, ಬೆಂಚು ಬದಲಾಗಲಿಲ್ಲ. ಅವನನ್ನು ಪ್ರೀತಿಸುತ್ತಿದ್ದೇನೆ ಎಂಬುದನ್ನು ಲೀವಾ ಯಾರಿಗೂ ಹೇಳಿರಲಿಲ್ಲ, ಅವನಿಗೂ.

"ಅಲ್ಲಿಗೆ ಹೋಗೋದು ಬೇಡ. ಇಷ್ಟು ಟೋಪಿ ನೋಡಿದ್ರೆ ಡೋರ್ತೆಗೆ ಹೆನ್ನಿಂಗ್‌ಗೆ ಸಂಕಟ ಆಗತ್ತೆ" ಎಂದು ಅವಳು ಹೇಳಿದಾಗ ಎಲ್ಲರೂ ತಲೆಯಾಡಿಸಿದ್ದರು. ಎಸ್ಕಿಲ್‌ನ ಅಮ್ಮ ಅಪ್ಪನನ್ನು ಒಂದು ಮಾತು ಕೇಳೋಣ ಎಂದು ಒಬ್ಬರೂ ಅನ್ನಲಿಲ್ಲ. ಈ ಊರಿನವರ ಸಭ್ಯತೆಯೇ ಹೀಗೆ. ಸಾವಾದ ಮನೆಯವರು ಅಂಗಡಿಯಲ್ಲಿ ಎದುರಾದರೆ, ಪಾಪ ತೊಂದರೆ ಕೊಡುವುದು ಬೇಡವೆಂದು ಪಕ್ಕದ ಸಾಲಿಗೆ ತಿರುಗಿಕೊಳ್ಳುತ್ತಾರೆ. ಲೀವಾಳ ಕಾರಣ ಅಷ್ಟು ಸಭ್ಯವೂ ಆಗಿರಲಿಲ್ಲ. ಮಣ್ಣು ಮಾಡಿದ ದಿನ ಬಿಟ್ಟರೆ ಅವಳು ಆ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ತುಳಿಯುವ ಧೈರ್ಯವೂ ಇರಲಿಲ್ಲ.

ಅವನ ಮನೆ ಇದ್ದದ್ದು ನೀರಂಚಿನ ರಸ್ತೆಯಲ್ಲಿ. ಲೀವಾ ಅದನ್ನು ತಪ್ಪಿಸಿ ದೊಡ್ಡ ರಸ್ತೆ ಹಿಡಿಯಲು ಹೇಳಿದ್ದಳು. ಆದರೆ ದೊಡ್ಡ ರಸ್ತೆಯಲ್ಲಿ ಹುಲ್ಲಿನ ಗಾಡಿ ಮಗುಚಿಕೊಂಡಿತ್ತು. ಲಾರಿ ಓಡಿಸುತ್ತಿದ್ದ ಐವಿನ್ ಯಾರನ್ನೂ ಕೇಳದೆ ನೀರಂಚಿಗೆ ತಿರುಗಿಸಿದ. ಲೀವಾಳಿಗೆ ಅದು ಗೊತ್ತಾದದ್ದು ಎದುರಿಗೆ ನೀರು ಕಂಡಾಗ.

ಮೊದಲು ಬಾವುಟ ಕಾಣಿಸಿತು. ಮಾರ್ಚಿನಲ್ಲಿ ಅರ್ಧಕ್ಕೆ ಇಳಿದಿದ್ದ ಬಾವುಟ ಈಗ ಕಂಬದ ತುದಿಯಲ್ಲಿತ್ತು. ಗೇಟಿನ ಎರಡೂ ಕಡೆ ಬೀಚ್ ಕೊಂಬೆ ಕಟ್ಟಿದ್ದರು. ಅಂಗಳದಲ್ಲಿ ಉದ್ದದ ಮೇಜು, ಬಿಳಿ ಬಟ್ಟೆ, ಸಾಲಾಗಿ ಲೋಟಗಳು. ಗೇಟಿನಲ್ಲಿ ಡೋರ್ತೆ ನೀಲಿ ಅಂಗಿ ತೊಟ್ಟು ನಿಂತಿದ್ದಳು. ಲಾರಿ ಕಂಡದ್ದೇ ಕೈ ಎತ್ತಿದಳು.

ಲಾರಿ ನಿಲ್ಲಲಿಲ್ಲ. ಹಾಡು ಕಿವಿ ಕಿತ್ತುಹೋಗುವಂತೆ ಮೊಳಗುತ್ತಿತ್ತು, ಹಿಂದಿನವರು ಕುಣಿಯುತ್ತಿದ್ದರು. ಎತ್ತಿದ ಕೈಯನ್ನು ಡೋರ್ತೆ ಮೆಲ್ಲಗೆ ಇಳಿಸಿ ಅಂಗಿಗೆ ಒರೆಸಿಕೊಂಡದ್ದನ್ನು ಲೀವಾ ನೋಡಿದಳು. ಹಿಂದೆ ಹೆನ್ನಿಂಗ್ ಮೇಜಿನ ಕಡೆಗೆ ತಿರುಗಿ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದ. ಲೀವಾ ಎರಡೂ ಕೈಯಿಂದ ಡ್ರೈವರನ ತಲೆಯ ಮೇಲಿನ ತಗಡನ್ನು ಬಡಿಯತೊಡಗಿದಳು.

ತಿರುವು ದಾಟಿ ಲಾರಿ ನಿಂತಿತು. ಐವಿನ್ ಕಿಟಕಿಯಿಂದ ತಲೆ ಹೊರಹಾಕಿದ. "ಯಾರಿಗೆ ವಾಂತಿ? ಆಚೆ ಬಗ್ಗಿ ಮಾಡಿ, ನನ್ನ ಗಾಡಿಗೆ ಬೇಡ."

"ಎಸ್ಕಿಲ್ ಮನೇಲಿ ಕಾಯ್ತಿದ್ದಾರೆ" ಎಂದಳು ಲೀವಾ. "ಮೇಜು ಹಾಕಿ ಕಾಯ್ತಿದ್ದಾರೆ. ನಾವು ದಾಟ್ಕೊಂಡು ಬಂದ್ವಿ."

ಮಾಲ್ತೆ ಕೈ ಚಾಚಿ ಹಾಡು ನಿಲ್ಲಿಸಿದ. ಅವನ ಮುಖದ ಅಮಲೆಲ್ಲ ಇಳಿದುಹೋಗಿತ್ತು. "ಏನು ಅಂತ ಹೇಳೋದು ಕಣೇ ಅವ್ರಿಗೆ?"

ಲೀವಾ ಇಳಿದು ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಒಬ್ಬೊಬ್ಬರಾಗಿ ಧುಮುಕುವ ಸದ್ದು ಕೇಳಿತು.

ಡೋರ್ತೆ ಇನ್ನೂ ಗೇಟಿನಲ್ಲೇ ಇದ್ದಳು. ಲೀವಾ ಅವಳೆದುರು ನಿಂತು ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ನಾನೇ ಬಿಟ್ಟೆ. ನಿಮಗೆ ನೋವಾಗತ್ತೆ ಅಂತ ಎಲ್ಲರ ಹತ್ರ ಹೇಳ್ದೆ. ಸುಳ್ಳು. ನನಗೇ ಇಲ್ಲಿಗೆ ಬರೋಕೆ ಆಗ್ತಿರ್ಲಿಲ್ಲ."



"ಒಂದು ಮಾತು ಕೇಳಬಹುದಿತ್ತು ಲೀವಾ" ಎಂದಳು ಡೋರ್ತೆ. "ಬೆಳಗ್ಗೆಯಿಂದ ಹಾರ್ನ್ ಕೇಳಿದಾಗೆಲ್ಲ ಹೊರಗೆ ಬಂದು ನಿಂತ್ಕೋತಿದೀನಿ. ಎಲ್ಲರ ಮನೆಗೂ ಹೋಗತ್ತಲ್ಲ ಲಾರಿ, ಇವನೂ ಇದೇ ಕ್ಲಾಸಲ್ವಾ ಅಂದ್ಕೊಂಡೆ. ಫೋನ್ ಮಾಡೋಣ ಅಂದ್ರೆ, ಮಕ್ಕಳ ಖುಷಿಗೆ ಅಡ್ಡ ಬರಬೇಡ ಅಂದ ಹೆನ್ನಿಂಗ್."

"ತಪ್ಪಾಯ್ತು."

"ಹೌದು, ತಪ್ಪಾಯ್ತು." ಅವಳು ಗೇಟು ಪೂರ್ತಿ ತೆರೆದಳು. "ಬನ್ನಿ. ಸಾಸೇಜು ತಣ್ಣಗಾಗಿದೆ. ಎಸ್ಕಿಲ್ ಅದೇ ಮಾಡು ಅಂದಿದ್ದ, ಹುರಿದ ಈರುಳ್ಳಿ ಜಾಸ್ತಿ ಇರಲಿ ಅಂದಿದ್ದ."

ಹೆನ್ನಿಂಗ್ ಲೋಟಗಳನ್ನು ಮತ್ತೆ ಬಿಡಿಸಿಟ್ಟ. ಎಲ್ಲರೂ ತಣ್ಣನೆಯ ಸಾಸೇಜು ತಿಂದರು, ಹಸಿವಿಲ್ಲದವರೂ ಎರಡೆರಡು ತಿಂದರು. ಮೇಜಿನ ತುದಿಯಲ್ಲಿ, ಸ್ಟ್ರಾಬೆರಿ ಬಟ್ಟಲಿನ ಪಕ್ಕ, ಎಸ್ಕಿಲ್‌ನ ಟೋಪಿ ಇತ್ತು. ಹಿಂದೆ ಅವನ ಹೆಸರಿನ ಕಸೂತಿ, ಒಳಗೆ ಗೀಟಿಲ್ಲದ ಬಿಳಿ ಬಟ್ಟೆ. ಅಲ್ಲಿ ಗೆಳೆಯರು ಒಂದೊಂದು ಮಾತು ಬರೆಯುವುದು ವಾಡಿಕೆ. ಟೋಪಿ ಕೈಯಿಂದ ಕೈಗೆ ಹೋಯಿತು. ನಡುಮಧ್ಯದ ಜಾಗವನ್ನು ಎಲ್ಲರೂ ಬಿಟ್ಟು ಬರೆದರು, ಅದು ಲೀವಾಳದು ಎಂದು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಲೀವಾ ಅಲ್ಲಿ ಬರೆದದ್ದನ್ನು ಡೋರ್ತೆ ಓದಿದಳು. ಓದಿ, ಅವಳ ಕೆನ್ನೆಯ ಮೇಲೆ ಅಂಗೈ ಇಟ್ಟಳು.

"ಅವನಿಗೆ ಗೊತ್ತಿತ್ತು ಕಣೇ" ಎಂದಳು.

ಲೀವಾ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು, ಮಾರ್ಚಿನಿಂದ ಅಳದಿದ್ದುದನ್ನೆಲ್ಲ ಅತ್ತಳು.

ಹೊರಡುವ ಹೊತ್ತಿಗೆ ಐವಿನ್ ಲಾರಿಯನ್ನು ಹಿಂದಕ್ಕೆ ತಂದು ಗೇಟಿನೆದುರು ನಿಲ್ಲಿಸಿದ್ದ. ಆಗಸ್ಟಿನಲ್ಲಿ ಮುಂದೆ ಓದಲು ಯಾರ್ಯಾರು ಎಲ್ಲಿಗೆ ಎಂದು ಡೋರ್ತೆ ವಿಚಾರಿಸಿದಳು. ಮಾಲ್ತೆ ಆಲ್ಬೋರ್ಗಿಗೆ, ಲೀವಾ ಆರ್ಹುಸಿಗೆ, ಉಳಿದವರು ಕೋಪನ್‌ಹೇಗನ್ನಿಗೆ. ದ್ವೀಪದಲ್ಲಿ ಉಳಿಯುವವರು ಯಾರೂ ಇರಲಿಲ್ಲ.

"ಅವನ ಜಾಗ ಎಲ್ಲಿತ್ತು ಇದರಲ್ಲಿ?"

"ಮುಂದೆ, ಎಡಗಡೆ ಮೂಲೆ" ಎಂದಳು ಲೀವಾ. ಇಡೀ ದಿನ ಆ ಮೂಲೆಯಲ್ಲಿ ಯಾರೂ ನಿಂತಿರಲಿಲ್ಲ.

"ಒಂದ್ ಸಲ ಹತ್ತಲಾ?"

ಮಾಲ್ತೆ ಕೈ ಕೊಟ್ಟು ಮೇಲೆಳೆದುಕೊಂಡ. ಡೋರ್ತೆ ಮೂಲೆಯಲ್ಲಿ ನಿಂತು ಕೈಯಲ್ಲಿದ್ದ ಟೋಪಿ ನೋಡಿದಳು. "ನಾನು ಒಂಬತ್ತನೇ ಕ್ಲಾಸಿಗೇ ಬಿಟ್ಟೋಳು. ಹಾಕ್ಕೊಂಡ್ರೆ ನಡೆಯತ್ತಾ?"

"ಇವತ್ತು ಯಾರೂ ಕೇಳಲ್ಲ ಬಿಡಿ" ಎಂದ ಮಾಲ್ತೆ.

ಅವಳು ಹಾಕಿಕೊಂಡಳು. ಒಂದಳತೆ ದೊಡ್ಡದಾದ ಟೋಪಿ ಅವಳ ದಟ್ಟ ಕೂದಲ ಮೇಲೆ ಸರಿಯಾಗಿ ಕೂತಿತು. ಲೀವಾ ಪಕ್ಕದ ತನ್ನ ಜಾಗದಲ್ಲಿ ನಿಂತಳು. ಡೋರ್ತೆ ಮೇಲಿನಿಂದ ತನ್ನದೇ ಮನೆಯನ್ನು ನೋಡಿದಳು, ಹೊಸಬರ ಮನೆ ನೋಡುವ ಹಾಗೆ: ಬಾವುಟ, ಕೊಂಬೆಗಳು, ಅಡುಗೆಮನೆಯ ಕಿಟಕಿ, ಗೇಟಿನಲ್ಲಿ ಈಗ ಒಬ್ಬನೇ ನಿಂತಿದ್ದ ಹೆನ್ನಿಂಗ್.

"ಇಲ್ಲಿಂದ ಹೀಗೆ ಕಾಣ್ತಿತ್ತು ಅವನಿಗೆ" ಎಂದಳು.

ಆಮೇಲೆ ಕೈ ಎತ್ತಿ, ತಂತಮ್ಮ ಮನೆ ಬಂದಾಗ ಮಕ್ಕಳೆಲ್ಲ ಆ ದಿನ ಲಾರಿಯಿಂದ ಬೀಸಿದ ಹಾಗೆ ಬೀಸಿದಳು. ಹೆನ್ನಿಂಗ್ ಕೈಯಲ್ಲಿದ್ದ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಸುತ್ತ ನೋಡಿದ. ಕೊನೆಗೆ ಅದನ್ನು ಹುಲ್ಲಿನ ಮೇಲೆ ಬಿಟ್ಟು, ಎರಡೂ ಕೈ ಎತ್ತಿ ಬೀಸಿದ.