ಮೂವರಿಗಿಂತ ಹೆಚ್ಚು ಮಂದಿಗೆ

೧.
ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? 'ಅದೊಂದು ಮಧ್ಯಾಹ್ನ' ಎನ್ನಬಹುದಿತ್ತು. ಹೋದ ಸಲ ಹಾಗೆ ಶುರು ಮಾಡಿದಾಗ ನೀವು ಆಕಳಿಸಿದಿರಿ. ಬಿಡಿ, ಕಸದಿಂದಲೇ ಶುರು ಮಾಡೋಣ.

ಹಳೇ ಗಡಿಯಾರ ರಿಪೇರಿ ಮಾಡುವವರದೊಂದು ಚಾಟ್ ಸರ್ವರ್, ಅಂದರೆ ಇಂಟರ್‌ನೆಟ್ಟಿನ ಹರಟೆಕಟ್ಟೆ. ಅದನ್ನು ನೋಡಿಕೊಳ್ಳುವವಳು ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಹೆಂಗಸು. ಸರ್ವರ್‌ನಲ್ಲಿ ಎಲ್ಲರಿಗೂ ಜರಡಿಯಕ್ಕ. ಹೋದ ತಿಂಗಳು ಯಾವನೋ ಪುಣ್ಯಾತ್ಮ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತನ್ನು ಒಬ್ಬೊಬ್ಬರಿಗೂ ಖಾಸಗಿಯಾಗಿ ಮೆಸೇಜ್ ಮಾಡಿದ. (ಸದಸ್ಯರಲ್ಲಿ ಅರ್ಧಕ್ಕರ್ಧ ಬೋಳುತಲೆಯವರು, ಸಿಟ್ಟು ನೆತ್ತಿಗೇರಿದ್ದು ಅದಕ್ಕೇ ಇರಬೇಕು.) ಜರಡಿಯಕ್ಕ ನಿಯಮ ಮಾಡಿದಳು: ಹೊಸಬರು ಒಂದೇ ಮಾತನ್ನು ಮೂವರಿಗಿಂತ ಹೆಚ್ಚು ಮಂದಿಗೆ ಕಳಿಸಿದರೆ ಮಿಕ್ಕವೆಲ್ಲ ಕಸದ ಬುಟ್ಟಿಗೆ. ಕಳಿಸಿದವರಿಗೆ ಮಾತ್ರ 'ತಲುಪಿದೆ' ಎಂದೇ ಕಾಣುತ್ತದೆ.

"ತಡೆದಿದೀವಿ ಅಂತ ಹೇಳಿದ್ರೆ ಕಳ್ಳ ಇನ್ನೊಂದು ದಾರಿ ಹುಡುಕ್ತಾನೆ" ಎಂಬುದು ಅವಳ ವಾದ. ಸದಸ್ಯರು ಭೇಷ್ ಎಂದರು.

೨.
ಇಲ್ಲಿಂದ ಕತೆ ತಮಾಷೆಯಾಗಿ ಸಾಗಬೇಕಿತ್ತು. ಎಣ್ಣೆಯವನು ಹೊಸ ಹೊಸ ವೇಷದಲ್ಲಿ ಬರುವ ಎರಡು ಪುಟ ಬರೆದು ಹರಿದು ಹಾಕಿದೆ. ಯಾಕೆಂದರೆ ಆ ಗುರುವಾರ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಜರಡಿಯಕ್ಕ ಬುಟ್ಟಿ ತೆರೆದರೆ, ಒಂದೇ ಮೆಸೇಜ್, ನಲವತ್ತು ಸಲ:

"ನಾನು ನಿಮ್ಮ ಸಣ್ಣಮುಳ್ಳಿನ ಅಕ್ಕ. ಅವನಿಗೆ ಪಾಸ್‌ವರ್ಡ್ ನೆನಪಾಗ್ತಿಲ್ಲ, ಅದಕ್ಕೆ ಹೀಗೆ ಹೊಸಬಳ ಹಾಗೆ ಬಂದಿದೀನಿ. ಗುರುವಾರ ನಾಲ್ಕು ಗಂಟೆಗೆ ಅವನಿಗೆ ಹೃದಯದ ಆಪರೇಶನ್. ಅದಕ್ಕೆ ಮುಂಚೆ ನಿಮ್ಮಲ್ಲಿ ಯಾರನ್ನಾದ್ರೂ ನೋಡ್ಬೇಕು ಅಂತಾನೆ. ದೊಡ್ಡಾಸ್ಪತ್ರೆ, ಆರನೇ ವಾರ್ಡು."

ಸಣ್ಣಮುಳ್ಳು ಎಂದರೆ ಸರ್ವರ್‌ನ ಹಳೇ ಸದಸ್ಯನೊಬ್ಬನ ಅಡ್ಡಹೆಸರು. ಮೆಸೇಜ್ ಸೋಮವಾರ ಬಂದದ್ದು. ಈಗ ಗುರುವಾರ, ಮೂರು ಗಂಟೆ ಹತ್ತು ನಿಮಿಷ.

೩.
ಅಯ್ಯೋ ಪಾಪ, ಇವಳನ್ನು ಕಾಪಾಡೋಣವೆಂದು ಬರೆದೆ: 'ತಪ್ಪು ಯಾರದೂ ಅಲ್ಲ, ನಿಯಮದ್ದು.'

"ಏನ್ರೀ ಸಾಹಿತಿಗಳೇ," ಎಂದಳು ಜರಡಿಯಕ್ಕ, "ಮೂವರಿಗೆ ತಲುಪಿತ್ತಲ್ಲ, ಆ ಮೂವರು ಯಾರು ಅಂತ ಬರೀಲೇ ಇಲ್ಲ?"

"ಅದೆಲ್ಲ ಯಾಕೆ ಅಂತ..."

"ಬರೀರಿ. ಒಬ್ರು ಊರಲ್ಲಿಲ್ಲ. ಇನ್ನೊಂದು ಮನುಷ್ಯನೇ ಅಲ್ಲ, ಸರ್ವರ್‌ನಲ್ಲಿ ಗಂಟೆ ಎಷ್ಟು ಅಂತ ಹೇಳೋ ಯಂತ್ರ. ಮೂರನೆಯವಳು ನಾನು. 'ಅಕ್ಕ', 'ಆಪರೇಶನ್' ಅಂತ ಕಂಡಿದ್ದೇ ತಡ, ಓಹೋ, ಇನ್ನೇನು ದುಡ್ಡು ಕೇಳ್ತಾರೆ ಅಂತ ಪೂರ್ತಿ ಓದ್ದೆ ಕಸಕ್ಕೆ ಹಾಕ್ದೆ. ಈ ಕೈಲೇ. ಅದನ್ನ ನಿಯಮದ ತಲೆಗೆ ಕಟ್ಬೇಡಿ."

ನನಗೆ ನಾಚಿಕೆಯಾಯಿತು. (ವ್ಯಂಗ್ಯದ ಕತೆಯಲ್ಲಿ ನಾಚಿಕೆಗೆ ಜಾಗವಿಲ್ಲ, ಗೊತ್ತು. ಆದರೂ ಆಯಿತು.)

೪.
ಅಂತ್ಯಗಳು.

ಅ) ನಲವತ್ತು ಮಂದಿಯೂ ವಾರ್ಡಿಗೆ ನುಗ್ಗುತ್ತಾರೆ, ನರ್ಸ್ ಬೈಯುತ್ತಾಳೆ, ಎಲ್ಲರೂ ಅಳುತ್ತಾರೆ.

ಆ) ಜರಡಿಯಕ್ಕ ಹೋಗುವಷ್ಟರಲ್ಲಿ ಹಾಸಿಗೆ ಖಾಲಿ.

"ನಿಮ್ಮ ತಲೆ! ನೀವು ಆರಿಸ್ತಾ ಕೂತಿರಿ," ಎಂದವಳೇ ಅಂಗಡಿಯ ಕೋಟನ್ನೂ ಬಿಚ್ಚದೆ ಓಡಿ ಬಸ್ಸು ಹತ್ತಿದಳು. ಎದ್ದೆನೋ ಬಿದ್ದೆನೋ ಎಂದು ನಾನೂ ಹಿಂದೆಯೇ ಹತ್ತಿದೆ.

೪ (ಮತ್ತೆ).
ಮೂರು ಮುಕ್ಕಾಲು. ವಾರ್ಡಿನ ಬಾಗಿಲಲ್ಲಿ ಸಣ್ಣಮುಳ್ಳಿನ ಅಕ್ಕ ನಿಂತಿದ್ದಳು.

"ಅಂತೂ ಒಬ್ರಾದ್ರೂ ಬಂದ್ರಲ್ಲ! ಬಾಯಿ ತೆರೆದ್ರೆ 'ನಮ್ಮೋರು, ನಮ್ಮೋರು' ಅಂತಿದ್ದ ಕಣ್ರೀ. 'ಕಳಿಸಿದ್ಯಾ, ಕಳಿಸಿದ್ಯಾ' ಅಂತ ಮೂರು ದಿನ ಕೇಳ್ದ. ಎಲ್ಲರಿಗೂ ತಲುಪಿದೆ ನೋಡು ಅಂತ ನಾನೇ ಬೆಳಿಗ್ಗೆ ತೋರಿಸ್ಬಿಟ್ಟೆ. ಆಮೇಲೆ ಅವನು ಕೇಳ್ಲೇ ಇಲ್ಲ."

ಜರಡಿಯಕ್ಕ ಬಾಗಿಲಿಗೆ ಕೈ ಹಾಕಿದಳು. "ತಲುಪಿರ್ಲಿಲ್ಲಮ್ಮ. ಯಾಕೆ ಅಂತ ಅವರಿಗೇ ಹೇಳ್ತೀನಿ."

ಒಳಗೆ ಹೆಜ್ಜೆಯಿಟ್ಟವಳು ತಿರುಗಿ ನೋಡಿದಳು. ನಾನು ಪೆನ್ನು ತೆಗೆದಿದ್ದೆ. ನನ್ನ ಭುಜದ ಮೇಲಿಂದ ನೀವು ಇಣುಕುತ್ತಿದ್ದಿರಿ.

"ನೀವಿಬ್ರೂ ಇಲ್ಲೇ ಇರಿ," ಎಂದಳು. "ಇದು ಅವರೊಬ್ಬರಿಗೆ ಹೇಳೋ ಮಾತು."

ಬಾಗಿಲು ಹಾಕಿಕೊಂಡಳು. ಸುಳ್ಳೇಕೆ ಹೇಳಲಿ, ಕಿವಿಯಿಟ್ಟು ಆಲಿಸಿದೆ. ಏನೂ ಕೇಳಿಸಲಿಲ್ಲ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿದೆ.