ಚಿನ್ನದ ಹಲ್ಲಿಗೆ ಕುಂಕುಮ

ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಗೋಡೆಗೊರಗಿಸಿ, ಸಿಂಚನ ಹೊಸ ಕಾರ್ಡನ್ನು ಮತ್ತೊಮ್ಮೆ ಹೊರಗೆಳೆದಳು. ಅಂಗಳದಾಚೆಯ ಶೆಡ್ಡಿನಲ್ಲಿ ಒಂದು ಮಗ್ಗ ಬಿಟ್ಟು ಉಳಿದವೆಲ್ಲ ಕಟಕಟ ಬಡಿದುಕೊಳ್ಳುತ್ತಿದ್ದವು. ಸುಮ್ಮನಿದ್ದ ಆ ಒಂದು ಮಗ್ಗ ಅವಳಿಗಾಗಿ ಕಾಯುತ್ತಿತ್ತು.

ದೊಡ್ಡಬಳ್ಳಾಪುರದ ಇಂಥ ಮನೆಗಳಲ್ಲಿ ಸೀರೆಯ ಅಂಚು ಮೊದಲು ಹುಟ್ಟುವುದು ರಟ್ಟಿನ ಮೇಲೆ. ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು, ಸಾಲಾಗಿ ಹೊಲಿದು, ಮಗ್ಗದ ನೆತ್ತಿಗೇರಿಸಿದರೆ ತೂತಿದ್ದ ಕಡೆ ಎಳೆ ಮೇಲೇಳುತ್ತದೆ. ತೂತು ಹೊಡೆಯುವ ಯಂತ್ರವೋ ಈ ಮುದಿ ಕಂಪ್ಯೂಟರಿನ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹೋದ ವಾರದ ಸಿಡಿಲಿಗೆ ಕಂಪ್ಯೂಟರಿನಲ್ಲಿ ಯಂತ್ರದ ತಂತಿ ಸಿಕ್ಕಿಸುವ ಪೋರ್ಟು ಸುಟ್ಟುಹೋಗಿ ಎರಡಕ್ಕೂ ಮಾತು ಬಿಟ್ಟಿತ್ತು. ಅದಕ್ಕೇ ಈ ಕಾರ್ಡು ತರಿಸಿದ್ದು. ಒಳಗಿನ ಖಾಲಿ ಸ್ಲಾಟಿನಲ್ಲಿ ಕೂರಿಸಿದರೆ ಹಿಂಬದಿಯಲ್ಲಿ ಹೊಸ ಪೋರ್ಟು ಸಿಗುತ್ತದೆ.

ಸಿಗಬೇಕಿತ್ತು. ಬಿ.ಕಾಂ ಮುಗಿಸಿ, ಬೇರೆಯವರ ಡಿಸೈನುಗಳನ್ನು ತಿದ್ದುತ್ತ ಮೂಲೆಯಲ್ಲಿ ಕೂತಿದ್ದವಳು ಮೊದಲ ಬಾರಿಗೆ ತನ್ನದೇ ಒಂದು ಅಂಚು ಬರೆದಿದ್ದಳು. ಸುಲಿದ ಚಕ್ಕೋತದ ತೊಳೆಗಳು, ಒಂದರ ಬೆನ್ನಿಗೊಂದು ಅಂಟಿಕೊಂಡು ಸೀರೆಯುದ್ದಕ್ಕೂ ಓಡುವಂಥದ್ದು.

“ಹಣ್ಣಿನಂಗಡಿ ಸೀರೆ ಯಾರವ್ವಾ ಉಡ್ತಾರೆ?” ಎಂದು ನಕ್ಕೇ ಒಪ್ಪಿದ್ದ ಬೈರೇಶ್ ಚಿಕ್ಕಪ್ಪ ಈಗ ಬಾಗಿಲಲ್ಲಿ ತಲೆ ಹಾಕಿದ. “ಏನವ್ವಾ ಇಂಜಿನಿಯರಮ್ಮಾ, ಹಾಸು ಕಟ್ಟಿದ ಮಗ್ಗ ಬೆಳಗ್ಗೆಯಿಂದ ಬಾಯಿ ಬಿಟ್ಕೊಂಡು ಕೂತದೆ. ಊಟದೊತ್ತಿಗೆ ರಟ್ಟು ಬೀಳೋಕೆ ಶುರುವಾಗ್ಲಿಲ್ಲ ಅಂದ್ರೆ ಹಳೇ ಮಾವಿನಕಾಯಿ ಅಂಚನ್ನೇ ಏರಿಸ್ಬಿಡ್ತೀನಿ. ನಿನ್ ಚಕ್ಕೋತ ಮರದಲ್ಲೇ ಇರ್ಲಿ.”

ಸಿಂಚನಳ ಮನಸ್ಸಿನಲ್ಲಿ ಒಳ್ಳೊಳ್ಳೆಯ ಉತ್ತರಗಳಿದ್ದವು. ಬಾಯಿಗೆ ಬಂದದ್ದು ‘ಹ್ಞೂಂ’ ಮಾತ್ರ.

ಕಂಪ್ಯೂಟರೇನೋ ಆನ್ ಆಗುತ್ತಿತ್ತು. ಆದರೆ ತನ್ನ ಹೊಟ್ಟೆಯಲ್ಲಿ ಹೊಸದೊಂದು ಕಾರ್ಡಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಒತ್ತಿ ಕೂರಿಸಿದಳು. ಪಕ್ಕದ ಸ್ಲಾಟಿಗೆ ಬದಲಾಯಿಸಿದಳು. ಸ್ಲಾಟಿನೊಳಗೆ ಸೇರಿದ್ದ ಧೂಳನ್ನೂ ರೇಷ್ಮೆಯ ನವಿರು ನೂಲನ್ನೂ ಬ್ರಷ್ಷಿನಿಂದ ಗುಡಿಸಿದಳು. ಊಹೂಂ. ಇನ್ನು ಅಂಗಡಿಗೆ ಫೋನ್ ಮಾಡಿ, ನೀವು ಕೊಟ್ಟ ಕಾರ್ಡು ಕೆಟ್ಟಿದೆ ಎನ್ನಬೇಕು. ಗೊತ್ತಿಲ್ಲದವರಿಗೆ ಫೋನ್ ಮಾಡುವುದೆಂದರೆ ಅವಳಿಗೆ ಜ್ವರ ಬಂದ ಹಾಗೆ. ಆ ಭಯಕ್ಕೇ ಕಾರ್ಡನ್ನು ಕಿಟಕಿಯ ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

ಕಾರ್ಡಿನ ತಳದಲ್ಲಿ ಚಿನ್ನದ ಬಣ್ಣದ ಪುಟ್ಟ ಹಲ್ಲುಗಳ ಸಾಲು. ನಡುವಿನ ಕೆಲವು ಮಾತ್ರ ಕೆಂಪಗಿದ್ದವು. ಪಕ್ಕದವು ಹಳದಿ. ಮೂಗಿನ ಹತ್ತಿರ ತಂದಳು. ಅರಿಶಿನ!

ಮಿಕ್ಸಿಯಾಗಲಿ, ಬೈಕಾಗಲಿ, ಅಜ್ಜಿ ಮುನಿವೆಂಕಟಮ್ಮನ ಉಂಗುರಬೆರಳು ಮುಟ್ಟದೆ ಆ ಮನೆಯಲ್ಲಿ ಕೆಲಸ ಶುರು ಮಾಡಿದ್ದಿಲ್ಲ. ಕಾರ್ಡು ಕೂಡ ರಾತ್ರಿಯಿಡೀ ದೇವರ ಮುಂದೆ ಕೂತು ಬಂದಿತ್ತು.

ಸಿಂಚನಳಿಗೆ ನಗು ತಡೆಯಲಾಗಲಿಲ್ಲ.

“ಯಾಕೇ, ಒಬ್ಳೇ ನಗ್ತೀಯಾ?” ಕನಕಾಂಬರ ಕಟ್ಟುತ್ತಿದ್ದ ಅಜ್ಜಿ ಪಡಸಾಲೆಯಿಂದ ಕೇಳಿದಳು.

“ಇದಕ್ಕೆ ಕುಂಕುಮ ಎಲ್ಲಿಟ್ಟೆ ಅಜ್ಜಿ?”

“ಚಿನ್ನ ಬಳ್ದವ್ರಲ್ಲಾ, ಅಲ್ಲಿ. ಅದೇ ಅಲ್ವಾ ಹಣೆ?”

“ಹಣೆ ಅಲ್ಲ ಅಜ್ಜಿ, ಅದು ಹಲ್ಲು. ಹಲ್ಲಿಗೆ ಕುಂಕುಮ ಮೆತ್ತಿದ್ರೆ ಹೆಂಗ್ ಕಚ್ತದೆ?”

ಅಜ್ಜಿಯ ಕೈಯ ದಾರ ನಿಂತಿತು. ಆಮೇಲೆ ಮೈಯೆಲ್ಲ ಕುಲುಕುವಂತೆ ನಕ್ಕಳು. “ಅಯ್ಯೋ ನನ್ ಕೈಗಿಷ್ಟು ಬೆಂಕಿ ಹಾಕ! ನಿಂಗೂ ಬಾಯಿ ಅದೆ ಬಿಡು!”

ಸಿಂಚನ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದಳು. ಕೆಂಪು ಚೂರುಗಳು ಉದುರಿದವು. ಕೂರಿಸಿ, ಸ್ಕ್ರೂ ಬಿಗಿದು, ಸ್ವಿಚ್ಚು ಹಾಕಿದಾಗ ಪರದೆಯ ಮೂಲೆಯಲ್ಲಿ ‘ಹೊಸ ಸಾಧನ ಸಿಕ್ಕಿದೆ’ ಎಂಬ ಸೂಚನೆ ಮೂಡಿತು. ಯಂತ್ರಕ್ಕೆ ತಂತಿ ಸಿಕ್ಕಿಸಿ ಬಟನ್ ಒತ್ತಿದಳು.

ಯಂತ್ರ ಮಿಸುಕಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪ ಮಾವಿನಕಾಯಿ ರಟ್ಟಿನ ಕಟ್ಟನ್ನು ಹೆಗಲಿಗೇರಿಸಿಕೊಂಡು ಅಂಗಳ ದಾಟುತ್ತಿದ್ದ.

“ತಡ್ಕೋ ಚಿಕ್ಕಪ್ಪಾ! ಅದನ್ನ ಏರಿಸ್ಬೇಡ! ನಂದು ಬರ್ತಾ ಅದೆ!”

ಮಗ್ಗಗಳ ಸದ್ದನ್ನೂ ಮೀರಿಸಿದ ಆ ಕೂಗು ತನ್ನದೇ ಎಂದು ನಂಬಲು ಸಿಂಚನಳಿಗೆ ಒಂದು ಗಳಿಗೆ ಬೇಕಾಯಿತು. ಚಿಕ್ಕಪ್ಪ ನಡು ಅಂಗಳದಲ್ಲೇ ನಿಂತುಬಿಟ್ಟ.

ಈಗ ಅವಳಿಗೆ ಹೊಳೆಯಿತು. ಹಳೆಯ ಡಿಸೈನ್ ತಂತ್ರಾಂಶ ಸುಟ್ಟುಹೋದ ಪೋರ್ಟಿನ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿದೆ. ಹೊಸ ಪೋರ್ಟಿನ ವಿಳಾಸ ಹುಡುಕಿ, ಸೆಟ್ಟಿಂಗಿನಲ್ಲಿ ಹಳೆಯದನ್ನು ಅಳಿಸಿ ಇದನ್ನು ತುಂಬಿದಳು. ಬಟನ್ ಒತ್ತಿದಳು.

ಟಕ್. ಟಕ್‌ಟಕ್. ಟಕಟಕಟಕಟಕ.

ಚಿಕ್ಕಪ್ಪ ಹೊರೆ ಇಳಿಸಿ ಓಡಿಬಂದು, ಮೊದಲ ಪಟ್ಟಿಯನ್ನು ಬೆಳಕಿಗೆ ಹಿಡಿದ. “ಇದೇನವ್ವಾ, ಬರೀ ತೂತು. ಚಕ್ಕೋತ ಎಲ್ಲಿ ಅದೆ?”

“ಮೊದ್ಲು ಮಗ್ಗಕ್ಕೇರ್ಸು, ಸುಲ್ದು ಕೊಡ್ತೀನಿ” ಎಂದಳು ಸಿಂಚನ. ಈ ಸಲ ಉತ್ತರ ಮನಸ್ಸಿನಲ್ಲೇ ಉಳಿಯಲಿಲ್ಲ.

ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬಂದು, “ಹಣೆ ಯಾವ್ದು ಅಂತ ಈಗ್ಲಾದ್ರೂ ತೋರ್ಸೇ” ಎಂದಳು. ಸಿಂಚನ ಕಂಪ್ಯೂಟರಿನ ತಗಡನ್ನು ಮುಚ್ಚಿ, ಅದರ ಹೊರಮೈ ತೋರಿಸಿದಳು. ಅಲ್ಲೊಂದು ಬೊಟ್ಟಿಟ್ಟು, ಅಜ್ಜಿ ಅಂಗಳದಲ್ಲಿ ಬಿದ್ದಿದ್ದ ಮಾವಿನಕಾಯಿ ಕಟ್ಟಿನ ಮೇಲೆ ಆರಾಮಾಗಿ ಕೂತು, ಉಳಿದ ಕನಕಾಂಬರ ಕಟ್ಟತೊಡಗಿದಳು.